ಕೆರೆಯ ಬಲೆ

ನಮ್ಮ ಮೈದಾನದ ಗೋಲಿಗೆ ನೆಟ್ ಇರಲಿಲ್ಲ.
ಎರಡು ಕಬ್ಬಿಣದ ಕಂಬ, ಮೇಲೊಂದು ಅಡ್ಡಪಟ್ಟಿ,
ಅದರಾಚೆ ಹೊಂಗೆಮರ, ಮರದಾಚೆ ಬಿ.ಎಚ್. ರಸ್ತೆ.
ಗೋಲಾದರೂ ಅಷ್ಟೆ, ತಪ್ಪಿದರೂ ಅಷ್ಟೆ,
ಚೆಂಡು ಹೋಗಿ ಬೀಳುವುದು ಕಾಂಪೌಂಡಿನ ಬುಡಕ್ಕೆ.
ಓಡಿಹೋಗಿ ತರುವವನು ನಾನು, ಗೋಲಿ.

ಇತಿಹಾಸ ವಿಭಾಗ. ಎರಡೂ ವರ್ಷ ಸೇರಿ
ಹುಡುಗರು ಒಂಬತ್ತು ಜನ.
ಗ್ರಂಥಾಲಯ ವಿಜ್ಞಾನದಿಂದ ಇಬ್ಬರನ್ನು ಕಡ ತಂದೆವು,
ಹಿಂದಿರುಗಿಸುವ ದಿನಾಂಕ ಬರೆಸಿಕೊಂಡೇ ಕಳಿಸಿದರು.
ಪಾವಗಡದ ಓಬಳೇಶ ತೆಲುಗಿನಲ್ಲಿ ಪಾಸ್ ಕೇಳುವನು,
ಶಿರಾದ ಜಬಿವುಲ್ಲಾ ಉರ್ದುವಿನಲ್ಲಿ ಬೈದು ಕೊಡುವನು.
ಮೂಡಲಗಿರಿ ಮಾತಾಡುವವನೇ ಅಲ್ಲ,
ಬೂಟು ಕಚ್ಚುತ್ತದೆಂದು ಬರಿಗಾಲಲ್ಲಿ ನಿಲ್ಲುವನು, ನನ್ನ ಮುಂದೆ.

ಅವರೆಕಾಯಿ ಕಾಲಕ್ಕೆ ಶುರುವಾಯಿತು ಲೀಗು.
ವಾಣಿಜ್ಯದವರು ನಾಲ್ಕು–ಸೊನ್ನೆ.
ರಸಾಯನಶಾಸ್ತ್ರ, ಅಂಕಿ ಬೇಡ ಬಿಡಿ.
ಸಮಾಜಕಾರ್ಯದವರು ಸೋಲಿಸಿದ ಮೇಲೆ
ಪಾಪ, ಕೂರಿಸಿಕೊಂಡು ಸಮಾಧಾನವನ್ನೂ ಮಾಡಿದರು.
ಗಣಿತದವರು ಬರಲೇ ಇಲ್ಲ, ಅವತ್ತು ಇಂಟರ್ನಲ್ಸು.
ಖಾಲಿ ಮೈದಾನದಲ್ಲಿ ಅರ್ಧ ಗಂಟೆ ನಿಂತು
ಮೂರು ಪಾಯಿಂಟು ಗೆದ್ದೆವು.
ಆ ಸಂಜೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದದ್ದು ಮಾತ್ರ
ನಿಜವಾಗಿ ಗೆದ್ದವರ ಹಾಗೆಯೇ.

ಆಮೇಲೆ ಅರ್ಥಶಾಸ್ತ್ರ. ಕೊನೆಯ ನಿಮಿಷ.
ಓಬಳೇಶ ಒದ್ದದ್ದು ಕಂಬದ ಒಳಗೋ, ಹೊರಗೋ.
ಒಳಗೆ ಎಂದೆವು ನಾವು ಹನ್ನೊಂದು ಜನ,
ಹೊರಗೆ ಎಂದರು ಅವರು ಹನ್ನೊಂದು ಜನ.
ರೆಫರಿ ಚಂದ್ರೋಜಿ ಸರ್ ಬೆವರೊರೆಸಿ ಕೇಳಿದರು,
"ಸಾಕ್ಷಿ ಏನ್ರಪ್ಪಾ ಇದೆ?"
ಶಾಸನ ಓದುವ ನಮ್ಮನ್ನು!
ಆ ಚೆಂಡು ಯಾವ ಕಲ್ಲಿನ ಮೇಲೂ
ಏನನ್ನೂ ಕೆತ್ತಿ ಹೋಗಿರಲಿಲ್ಲ.

ಕೊನೆಯ ಪಂದ್ಯದ ಬೆಳಿಗ್ಗೆ ಮೂಡಲಗಿರಿ
ಮಾವನ ಟಿವಿಎಸ್ಸಿನಲ್ಲಿ ಬಂದ, ಹಿಂದೆ ಗೋಣಿಚೀಲ.
ಮೈದಾಳ ಕೆರೆಗೆ ಬಿಡುವ ಬಲೆ.
ಒಂದು ಗೋಲಿಗಷ್ಟೇ ಸಾಲುತ್ತಿತ್ತು.

ಮೊದಲರ್ಧ ಅದು ನನ್ನ ಬೆನ್ನಿಗೆ.
ಒಣಗಿದ ಹುರುಪೆ ಬಿಸಿಲಿಗೆ ಮಿನುಗುತ್ತಿತ್ತು.
ಎದುರಾಳಿ ವ್ಯಾಯಾಮ ಶಿಕ್ಷಣ. ಮೂರು ಸಲ ಬಂದರು,
ಮೂರು ಸಲವೂ ಚೆಂಡು ಅಲ್ಲೇ ಸಿಕ್ಕಿ ಒದ್ದಾಡಿತು.
ನಿಜ ಹೇಳುತ್ತೇನೆ,
ಕಾಂಪೌಂಡಿಗೆ ಓಡಬೇಕಿಲ್ಲವಲ್ಲ ಎಂದು
ಒಂದು ಗಳಿಗೆ ಹಾಯೆನಿಸಿತು.

ಎರಡನೆಯರ್ಧ ಬಲೆ ಆ ಕಡೆ. ದೂರದಿಂದ ಕಂಡದ್ದಿಷ್ಟು:
ಕಡ ತಂದವರಲ್ಲಿ ಗಿಡ್ಡನೆಯ ಪುಟ್ಟಸಿದ್ದ
ಯಾರಿಗೋ ಕೊಡಲು ಹೋಗಿ ಜೋರಾಗಿ ಒದ್ದ.
ಬಲೆ ಒಮ್ಮೆ ಉಬ್ಬಿತು.
ಚೆಂಡು ನೋಡಿದರೆ ಹೊಂಗೆಯ ಬುಡದಲ್ಲಿ.

ಮತ್ತೆ ಅದೇ ಗದ್ದಲ. ಒಳಗೆ. ಹೊರಗೆ.
ಚಂದ್ರೋಜಿ ಸರ್ ಸೀಟಿ ಕಚ್ಚಿಕೊಂಡೇ ಹೋಗಿ
ಬಲೆಯ ಮುಂದೆ ಮೊಣಕಾಲೂರಿದರು.
ತಲೆ ತೂರುವಷ್ಟು ತೂತು,
ಹರಿದ ನೂಲಿನ ತುದಿ ಇನ್ನೂ ಬೆಳ್ಳಗೆ.
ಬೆರಳಲ್ಲಿ ಹೊಸೆದು ನೋಡಿದರು.
"ಗೋಲು" ಎಂದರು,
ತಾವೇ ತಯಾರು ಮಾಡಿದ ಹುಡುಗರ ಎದುರು, ಮೆಲ್ಲಗೆ.

ಮೂರು–ಒಂದು. ಸೋತೆವು.
ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯವರು,
ಗಣಿತದವರ ಕೃಪೆ.

ರಾತ್ರಿ ಹಾಸ್ಟೆಲಿನ ವರಾಂಡದಲ್ಲಿ ಬಲೆ ಹಾಸಿ ಕೂತೆವು.
ಮೂಡಲಗಿರಿಯ ಮಾವ ಬಂದರು. ಬೈಯುತ್ತಾರೆಂದುಕೊಂಡರೆ
ತೂತನ್ನು ಲೈಟಿಗೆ ಹಿಡಿದು ನೋಡಿ,
"ಇಷ್ಟು ದೊಡ್ಡದು ನಮ್ಮ ಕೆರೇಲಿಲ್ಲ" ಎಂದರು.
ಗಂಟು ಹಾಕುವುದನ್ನು ಎರಡು ಸಲ ತೋರಿಸಿದರು.
ಜಬಿವುಲ್ಲಾನದು ಬಿಗಿ.
ಓಬಳೇಶನದು ಬಿಚ್ಚಿತು, ಮತ್ತೆ ಹಾಕಿದ, ಮತ್ತೆ ಬಿಚ್ಚಿತು.
ಪುಟ್ಟಸಿದ್ದನ ಗಡುವು ಮುಗಿದು ಎರಡು ವಾರವಾಗಿತ್ತು,
ದಂಡ ಯಾರೂ ಕೇಳಲಿಲ್ಲ, ಅವನೂ ಏಳಲಿಲ್ಲ.

ನನ್ನ ಪಾಲಿಗೆ ಬಂದದ್ದು ನಾಲ್ಕು ಕಣ್ಣು.
ಹೊಂಗೆ ಹೂವುದುರುವ ಹೊತ್ತಿಗೆ ಪರೀಕ್ಷೆ ಬಂತು.
ಗಂಗರ ಕಾಲದ ಕೆರೆಗಳು, ಟಿಪ್ಪಣಿ ಬರೆಯಿರಿ, ಐದು ಅಂಕ.
ಬರೆಯುತ್ತ ಬರೆಯುತ್ತ ಕೈ ಮೂಗಿನ ಹತ್ತಿರ ಬಂದರೆ
ಮೀನಿನ ವಾಸನೆ, ಇನ್ನೂ.